ಕೊಳಗ ಯಾರ ಕೈಯಲ್ಲಿದೆ?

(ಶಿವಮೊಗ್ಗದಲ್ಲಿ ಸಮಾಜಶಾಸ್ತ್ರ, ಸಮಾಜಕಾರ್ಯ ಓದುವ ವಿದ್ಯಾರ್ಥಿಗಳು ಮತ್ತು ಕೆಲವು ಬಡಾವಣೆಗಳ ನಿವಾಸಿಗಳ ಮುಂದೆ ಆಡಿದ ಮಾತುಗಳನ್ನು ಬರಹಕ್ಕೆ ಇಳಿಸಿದ್ದೇನೆ. ಮಾತಿನ ಭರದಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಕೊನೆಯಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಮೂರನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕಾಗೋಡು ಸತ್ಯಾಗ್ರಹ ಅಂದ ಕೂಡಲೇ ನಮ್ಮ ಜಿಲ್ಲೆಯವರಿಗೆ ಕೆಲವು ಹೆಸರು ನೆನಪಾಗುತ್ತವೆ. ಎಚ್. ಗಣಪತಿಯಪ್ಪ, ಶಾಂತವೇರಿ ಗೋಪಾಲಗೌಡ, ಸಾಗರಕ್ಕೆ ಬಂದು ಬಂಧನಕ್ಕೊಳಗಾದ ರಾಮಮನೋಹರ ಲೋಹಿಯಾ. 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನ ಗೇಣಿದಾರರು ಒಡೆಯರ ವಿರುದ್ಧ ನಡೆಸಿದ ಹೋರಾಟ ಅದು. ಆದರೆ ಆ ಜಗಳದ ನಡುವೆ ಇದ್ದದ್ದು ಒಂದು ಕೊಳಗ. ಗೇಣಿ ಭತ್ತ ಅಳೆಯುವ ಕೊಳಗ. ಒಡೆಯರ ಮನೆಯ ಕೊಳಗ ರೂಢಿಯ ಅಳತೆಗಿಂತ ದೊಡ್ಡದು ಎಂಬುದು ಗೇಣಿದಾರರ ದೂರು. ಲೆಕ್ಕದಲ್ಲಿ ಗೇಣಿ ಇಷ್ಟು ಕೊಳಗ ಅಂತಲೇ ಇರುತ್ತದೆ. ಆ ಸಂಖ್ಯೆ ಎಲ್ಲೂ ತಪ್ಪಿರುವುದಿಲ್ಲ. ಪಾತ್ರೆ ಮಾತ್ರ ದೊಡ್ಡದಾಗಿರುತ್ತದೆ. ಹೊತ್ತು ತಂದವನ ಬೆನ್ನಿಗೆ ಅದು ಗೊತ್ತು. ಲೆಕ್ಕದ ಪುಸ್ತಕಕ್ಕೆ ಗೊತ್ತಾಗುವುದಿಲ್ಲ.

ನನ್ನ ಮಾತಿಗೆ ಇದೇ ಬುನಾದಿ. ನಗರದ ಅಸಮಾನತೆ ಬಗ್ಗೆ ಮಾತು ಬಂದಾಗಲೆಲ್ಲ ಅಂಕಿ ಅಂಶ ಬೇಕು ಅನ್ನುತ್ತೇವೆ. ಬೇಕು, ಸರಿ. ಆದರೆ ಅಳೆಯುವ ಪಾತ್ರೆ ಯಾರದ್ದು, ಅದನ್ನು ಯಾವ ಗಾತ್ರಕ್ಕೆ ಮಾಡಿದ್ದಾರೆ ಅಂತ ಕೇಳುವವರು ಕಡಿಮೆ. ಇಷ್ಟು ದಿನ ಅಳೆಸಿಕೊಂಡವರು ಒಂದು ಸಲ ತಾವೇ ಅಳೆಯಲಿ. ಸ್ಥಳೀಯ ಸಂಶೋಧನೆ ಅಂದರೆ ನನ್ನ ಮಟ್ಟಿಗೆ ಇಷ್ಟೇ.

ನಮ್ಮೂರಿನ ಲೆಕ್ಕವನ್ನೇ ನೋಡೋಣ. 2011ರ ಜನಗಣತಿ ಪ್ರಕಾರ ಶಿವಮೊಗ್ಗ ನಗರದ ಜನಸಂಖ್ಯೆ 3.22 ಲಕ್ಷ. ಪಾಲಿಕೆಗೆ 35 ವಾರ್ಡು. ಭಾಗಿಸಿದರೆ ವಾರ್ಡಿಗೆ ಒಂಬತ್ತು ಸಾವಿರ ಚಿಲ್ಲರೆ ಜನ. 2021ರಲ್ಲಿ ಗಣತಿ ನಡೆಯಲೇ ಇಲ್ಲ. ಮುಂದಿನದಕ್ಕೆ ಗೊತ್ತುಮಾಡಿರುವುದು 2027. ಈ ನಡುವೆ ಊರು ಎಷ್ಟು ಬದಲಾಯಿತು ನೋಡಿ. 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. 2023ರಲ್ಲಿ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಆಯಿತು. ಅಡಿಕೆ ತೋಟ ಇದ್ದವರು ಪೇಟೆಯಲ್ಲೊಂದು ಮನೆ ಕಟ್ಟಿದರು. ತೋಟವೂ ಇಲ್ಲದವರು ಪೇಟೆಯಲ್ಲೊಂದು ಬಾಡಿಗೆ ರೂಮು ಹಿಡಿದರು. ಮಾಚೇನಹಳ್ಳಿ ಕಡೆಯ ಗಾರ್ಮೆಂಟ್ಸಿಗೆ ಬೆಳಗ್ಗೆ ಕತ್ತಲಲ್ಲೇ ಬಸ್ಸು ಹತ್ತುವ ಹೆಣ್ಣುಮಕ್ಕಳು ಯಾವ ಊರಿಂದ ಬಂದು ಯಾವ ಬೀದಿಯಲ್ಲಿ ಇದ್ದಾರೆ? 2011ರ ಪುಸ್ತಕದಲ್ಲಿ ಅವರಿಲ್ಲ.

ಇನ್ನು ವಾರ್ಡು ಅನ್ನುವ ಅಳತೆ. ಒಂದೇ ವಾರ್ಡಿನಲ್ಲಿ ಡಾಕ್ಟರು, ವಕೀಲರು, ಮಂಡಿ ವ್ಯಾಪಾರಿಗಳ ಮನೆಗಳ ಸಾಲು ಇರುತ್ತದೆ. ಅದರ ಹಿಂದೆಯೇ ಆ ಮನೆಗಳಿಗೆ ಪಾತ್ರೆ ತೊಳೆಯಲು ಹೋಗುವವರ ಕೇರಿ ಇರುತ್ತದೆ. ಸರಾಸರಿ ತೆಗೆದರೆ ಎರಡೂ ಕಡೆಯವರು ಸುಮಾರಾಗಿ ಚೆನ್ನಾಗಿದ್ದಾರೆ. ವಾರ್ಡಿಗೆ ಒಂದು ಸಂಖ್ಯೆ ಕೊಟ್ಟ ಕ್ಷಣವೇ ಹಿಂದಿನ ಕೇರಿ ಮಾಯ. ಹಾಗಾಗಿ ನಾನು ನನ್ನ ವಿದ್ಯಾರ್ಥಿಗಳಿಗೆ ಹೇಳುವುದು, ವಾರ್ಡು ಬೇಡ, ಬೀದಿ ಹಿಡಿಯಿರಿ. ಬೀದಿಯೂ ದೊಡ್ಡದಾಯಿತು ಅನ್ನಿಸಿದರೆ ಒಂದು ವಠಾರ ಹಿಡಿಯಿರಿ.

ವಠಾರ ಅಂದೆನಲ್ಲ, ಅಲ್ಲಿಂದಲೇ ಶುರು ಮಾಡೋಣ. ನೀರಿನ ಸಮೀಕ್ಷೆಗೆ ಅಂತ ಪ್ರಶ್ನೆಪಟ್ಟಿ ಹಿಡಿದು ಹೋಗುತ್ತೇವೆ. ನಲ್ಲಿ ಇದೆಯಾ? ಇದೆ. ನೀರು ಬರುತ್ತಾ? ಬರುತ್ತೆ. ದಿನಕ್ಕೆ ಎಷ್ಟು ಹೊತ್ತು? ಇಷ್ಟು ಹೊತ್ತು. ಮೂರೂ ಖಾನೆಗೆ ಟಿಕ್ಕು ಬಿತ್ತು. ವರದಿಯಲ್ಲಿ ಈ ಬೀದಿಗೆ ನೀರಿನ ತೊಂದರೆ ಇಲ್ಲ. ಒಂದು ವಠಾರದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬರು ಕೈ ಒರೆಸಿಕೊಂಡು ಬಂದು ಕೇಳಿದರು, "ನೀರು ಬರ್ತದಾ ಅಂತ ಎಂತಕ್ಕೆ ಕೇಳ್ತೀರಿ ಮೇಡಂ? ಬಿಲ್ಲು ಹ್ಯಾಂಗೆ ಹಂಚ್ತೀರಿ ಅಂತ ಕೇಳಿ." ಕೇಳಿದೆವು. ವಠಾರಕ್ಕೆಲ್ಲ ಒಂದೇ ಮೀಟರು. ನೀರಿನ ದರ ಹಂತಹಂತವಾಗಿ ಏರುತ್ತದೆ. ಜಾಸ್ತಿ ಬಳಸಿದವರಿಗೆ ಲೀಟರಿಗೆ ಜಾಸ್ತಿ ದರ. ನೀರು ಪೋಲು ಮಾಡುವವರಿಗೆ ಕಡಿವಾಣ ಹಾಕಲು ಮಾಡಿದ ನಿಯಮ, ಒಳ್ಳೆಯದೇ. ಆದರೆ ಲೆಕ್ಕ ಹಾಕಿ. ಒಂದು ಸಂಸಾರ ತಿಂಗಳಿಗೆ ಎಂಟು ಸಾವಿರ ಲೀಟರ್ ಬಳಸಿದರೆ ಕೆಳಗಿನ ಹಂತದ ದರ. ಮೂರು ಸಂಸಾರ ತಲಾ ಎಂಟು ಸಾವಿರ ಬಳಸಿದರೆ ಮೀಟರು ತೋರಿಸುವುದು ಇಪ್ಪತ್ತನಾಲ್ಕು ಸಾವಿರ. ಮೀಟರಿನ ಕಣ್ಣಿಗೆ ಅದು ತೋಟಕ್ಕೆ ನೀರು ಬಿಟ್ಟುಕೊಳ್ಳುವ ಶ್ರೀಮಂತರ ಮನೆ. ಮೂರು ಬಡ ಸಂಸಾರ ಸೇರಿ ಒಬ್ಬ ಶ್ರೀಮಂತನ ದರ ಕಟ್ಟುತ್ತವೆ.

ಆಮೇಲೆ ನಾವು ಮನೆ ಎಣಿಸುವುದು ಬಿಟ್ಟು ಒಲೆ ಎಣಿಸಿದೆವು. ಈ ಮೀಟರಿನ ಮೇಲೆ ಎಷ್ಟು ಒಲೆ? ಪಟ್ಟಿಗೆ ಒಂದೇ ಒಂದು ಖಾನೆ ಸೇರಿತು. ಬೀದಿಯ ಚಿತ್ರವೇ ಬೇರೆ ಆಯಿತು. ಈ ಖಾನೆ ಯಾವ ಪಠ್ಯಪುಸ್ತಕದಲ್ಲೂ ಸಿಗಲಿಲ್ಲ. ಬಟ್ಟೆ ಒಗೆಯುತ್ತಿದ್ದವರು ಕೊಟ್ಟದ್ದು.

ಮೀಟರಿನಿಂದ ಮನೆ ಎಣಿಸುವುದು ನೀರಿನವರು ಮಾತ್ರ ಮಾಡುವ ಕೆಲಸವಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಶುರುವಾದ ರಾಜ್ಯದ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆ ನೆನಪಿದೆಯಲ್ಲ? ಮನೆ ಗುರುತಿಸಲು ಕರೆಂಟು ಮೀಟರನ್ನೇ ಹಿಡಿದರು. ಬಾಗಿಲ ಹತ್ತಿರ ಸ್ಟಿಕ್ಕರ್ ಅಂಟಿಸಿದರು. ಮೇಷ್ಟ್ರುಗಳು ಮೊಬೈಲ್ ಹಿಡಿದು 60 ಪ್ರಶ್ನೆ ಕೇಳಿದರು. ಮಲೆನಾಡಿನಲ್ಲಿ ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಿದವರಿಗೆ ಆ ಕಷ್ಟ ಗೊತ್ತು. ಇಡೀ ರಾಜ್ಯಕ್ಕೆ ಅದು ಸುಲಭದ ದಾರಿ, ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಮೇಲಿನಿಂದ ನೋಡುವವರಿಗೆ ಮೀಟರು ಕಾಣುತ್ತದೆ, ಬೀದಿಯಲ್ಲಿ ಇರುವವರಿಗೆ ಒಲೆ ಕಾಣುತ್ತದೆ. ಎರಡೂ ಲೆಕ್ಕ ಪಕ್ಕಪಕ್ಕ ಇರಬೇಕು.

ಈಗ ಹೊಳೆಯ ವಿಷಯ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಶಿವಮೊಗ್ಗ ಪೇಟೆಯಲ್ಲಿ ಬೀಳುವ ಮಳೆ ಮಲೆನಾಡಿನ ಲೆಕ್ಕದಲ್ಲಿ ಕಡಿಮೆಯೇ. ಶೃಂಗೇರಿ, ಆಗುಂಬೆ, ತೀರ್ಥಹಳ್ಳಿ ಕಡೆ ಹೊಯ್ದದ್ದು ನಮ್ಮಲ್ಲಿಗೆ ಬರುತ್ತದೆ. ಗಾಜನೂರಿನ ತುಂಗಾ ಅಣೆಕಟ್ಟೆ ಹಿಡಿಯುವುದು 3.24 ಟಿಎಂಸಿ. ಚಿಕ್ಕದು. ಮುಂಗಾರು ಜೋರಾದರೆ ಬೇಗ ತುಂಬುತ್ತದೆ. ತುಂಬಿದ ಮೇಲೆ ಬಂದಷ್ಟನ್ನೂ ಬಿಡಬೇಕು, ಬೇರೆ ದಾರಿಯಿಲ್ಲ. ಆಗ ಊರವರೆಲ್ಲ ಕೋರ್ಪಲಯ್ಯನ ಛತ್ರದ ಹತ್ತಿರ ಹೋಗಿ ಹೊಳೆಯೊಳಗಿನ ಮಂಟಪ ನೋಡುತ್ತಾರೆ. ಮಂಟಪ ಮುಳುಗಿತು ಅಂದರೆ ಹೊಳೆ ತುಂಬಿತು. ಪೇಪರಿನವರೂ ಹಾಗೇ ಬರೆಯುತ್ತಾರೆ. ಬಾಗಿನ ಕೊಡುತ್ತಾರೆ. ಸೆಲ್ಫಿಯನ್ನೂ ತೆಗೆಯುತ್ತಾರೆ.

ಮಂಟಪ ಇಡೀ ಊರಿಗೆ ಒಂದು ಅಳತೆಗೋಲು, ಚೆಂದದ ಅಳತೆಗೋಲು. ಕುಂಬಾರಗುಂಡಿಯಂಥ ತಗ್ಗಿನ ಬೀದಿಗಳವರಿಗೆ ಅದು ಸಾಲದು. ಹೊಳೆ ಮೇಲೇರಿದಾಗ ಚರಂಡಿ ನೀರು ಹೊಳೆಗೆ ಇಳಿಯುವುದಿಲ್ಲ. ಬಂದ ದಾರಿಯಲ್ಲೇ ವಾಪಸ್ ಬರುತ್ತದೆ. ಮನೆ ಮುಂದೆ ಹೊಳೆ ಕಾಣುವ ಮೊದಲೇ ಬಚ್ಚಲಲ್ಲಿ ನೀರು ಕಾಣುತ್ತದೆ. ಯಾವ ಮನೆಯ ಬಚ್ಚಲಲ್ಲಿ ಮೊದಲು, ಯಾವ ಮನೆಯಲ್ಲಿ ಆಮೇಲೆ? ಮಂಟಪದಲ್ಲಿ ನೀರು ಎಲ್ಲಿಗೆ ಬಂದಾಗ ಇಲ್ಲಿ ಬಚ್ಚಲು ಉಕ್ಕುತ್ತದೆ? ಆ ಬೀದಿಯ ಅಜ್ಜಿಯರಿಗೆ ಇದು ಬಾಯಿಪಾಠ. ಬರೆದಿಟ್ಟವರು ಯಾರೂ ಇಲ್ಲ ಅಷ್ಟೇ. ಬರೆದಿಟ್ಟರೆ ಅದೇ ಆ ಬೀದಿಯ ಮುನ್ನೆಚ್ಚರಿಕೆ ಪಟ್ಟಿ. ರಾತ್ರಿ ಗಾಜನೂರಿನಿಂದ ಇಷ್ಟು ಕ್ಯೂಸೆಕ್ ಬಿಟ್ಟರು ಅಂತ ಮೊಬೈಲಿಗೆ ಬಂದರೆ, ಮೊದಲು ಯಾರ ಮನೆಯ ಅಕ್ಕಿ ಮೂಟೆ ಎತ್ತಿಡಬೇಕು ಅಂತ ಹೇಳಬಲ್ಲ ಪಟ್ಟಿ.

2019ರ ಆಗಸ್ಟ್ ಈ ಊರಿನ ಯಾರಿಗೂ ಮರೆತಿಲ್ಲ. ನೀರು ಇಳಿದ ಮೇಲೆ ಗೋಡೆಗಳ ಮೇಲೆ ಕೆಸರಿನ ಗೆರೆ ಉಳಿಯುತ್ತದೆ. ಸುಣ್ಣ ಬಳಿಯುವ ಮೊದಲು ಆ ಗೆರೆಯನ್ನು ಟೇಪಿನಿಂದ ಅಳೆದುಕೊಳ್ಳುವುದು ಒಂದು ಸಂಜೆಯ ಕೆಲಸ. ಜೊತೆಗೆ ಇನ್ನೊಂದು ಪ್ರಶ್ನೆ ಕೇಳಬೇಕು. ರಸ್ತೆಯಿಂದ ನಿಮ್ಮ ಮನೆಗೆ ಹತ್ತುವ ಮೆಟ್ಟಿಲೋ, ಇಳಿಯುವ ಮೆಟ್ಟಿಲೋ? ಕೇಳಲು ಸುಮ್ನೆ ತಮಾಷೆ ಅನ್ನಿಸುತ್ತದೆ. ಆದರೆ ಹಳೇ ಬೀದಿಗಳಲ್ಲಿ ರಿಪೇರಿ ಅಂತ ಪ್ರತಿ ಸಲ ಹಳೆಯದರ ಮೇಲೆಯೇ ಹೊಸ ಕಾಂಕ್ರೀಟ್ ಹಾಕಿದಾಗ ರಸ್ತೆ ಒಂದಿಷ್ಟು ಏರುತ್ತದೆ. ಮನೆ ಅಲ್ಲೇ ಇರುತ್ತದೆ. ದುಡ್ಡಿದ್ದವರು ಮನೆ ಕೆಡವಿ ತಳಪಾಯ ಏರಿಸಿ ಕಟ್ಟುತ್ತಾರೆ. ಅವರ ಅಂಗಳದ ನೀರು ಪಕ್ಕದ ತಗ್ಗಿನ ಮನೆಗೆ ಹೋಗುತ್ತದೆ. ಹತ್ತು ಹದಿನೈದು ವರ್ಷದಲ್ಲಿ ಅಭಿವೃದ್ಧಿ ಕೆಲಸವೇ ಒಂದು ಸಾಲಿನ ಮನೆಗಳನ್ನು ಗುಂಡಿಗೆ ಇಳಿಸಿಬಿಡುತ್ತದೆ. ಇಳಿಯುವ ಮೆಟ್ಟಿಲುಗಳನ್ನು ಎಣಿಸಿ, ಬೀದಿಯ ನಕ್ಷೆ ಮೇಲೆ ಗುರುತು ಹಾಕಿ. ಮುಂದಿನ ಟೆಂಡರ್‌ನಲ್ಲಿ ಹಳೇ ಕಾಂಕ್ರೀಟ್ ಕಿತ್ತು ಹಾಕಿ ಅಂತ ಕೇಳಲು ಅದಕ್ಕಿಂತ ಗಟ್ಟಿ ಕಾಗದ ಬೇಕಿಲ್ಲ.

ಪರಿಹಾರದ ಕಥೆ ಇನ್ನೊಂದು. 2019ರಲ್ಲಿ ನೀರು ನುಗ್ಗಿದ ಮನೆಗಳಿಗೆ ತಕ್ಷಣದ ಪರಿಹಾರ ಅಂತ 10,000 ರೂಪಾಯಿ ಕೊಟ್ಟರು. ಬಿದ್ದ ಮನೆಗಳನ್ನು ಎ, ಬಿ, ಸಿ ಅಂತ ವಿಂಗಡಿಸಿದರು. ಪೂರ್ತಿ ಹೋದ ಎ ವರ್ಗಕ್ಕೆ 5 ಲಕ್ಷ. ಹಿಂದಿನ ನೆರೆಗಳಿಗೆ ಹೋಲಿಸಿದರೆ ಅದು ದೊಡ್ಡ ಮೊತ್ತ, ಒಪ್ಪಿಕೊಳ್ಳಬೇಕು. ಆದರೆ ಆ ಲೆಕ್ಕ ಗೋಡೆಯ ಲೆಕ್ಕ. ಗೋಡೆ ಮಾಲೀಕನದು. ಬಾಡಿಗೆಗೆ ಇದ್ದವನ ಹೊಲಿಗೆ ಮಿಷನ್ನು, ಮಗಳ ಅಂಕಪಟ್ಟಿ, ಸಾಲದಲ್ಲಿ ತಂದ ಫ್ರಿಜ್ಜು, ಕೆಲಸಕ್ಕೆ ಹೋಗದ ಹದಿನೈದು ದಿನ, ಇವಕ್ಕೆ ವರ್ಗವಿಲ್ಲ. ಹಕ್ಕುಪತ್ರ ಇಲ್ಲದ ಮನೆಯವರದು ಮತ್ತೊಂದು ಕಷ್ಟ. ಇಂಥದ್ದನ್ನೆಲ್ಲ ಮಳೆಗಾಲಕ್ಕೆ ಮೊದಲೇ ಬರೆದಿಡಬೇಕು. ಯಾವ ಮನೆಯಲ್ಲಿ ಬಾಡಿಗೆಯವರು, ಯಾರ ಹತ್ತಿರ ಕರಾರು ಪತ್ರ ಇದೆ, ಯಾರು ಬರೀ ಬಾಯಿಮಾತಿನಲ್ಲಿ ಇದ್ದಾರೆ. ನೆರೆ ಬಂದ ಮೇಲೆ ಇದನ್ನು ಸಾಬೀತು ಮಾಡಲು ಆಗುವುದಿಲ್ಲ.

ಆರೋಗ್ಯದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. 2022ರ ಕೊನೆಯಲ್ಲಿ ರಾಜ್ಯದಲ್ಲಿ 'ನಮ್ಮ ಕ್ಲಿನಿಕ್' ಎಂಬ ಹೆಸರಿನ ಸರ್ಕಾರಿ ಕ್ಲಿನಿಕ್‌ಗಳು ಶುರುವಾದವು. ಬೆಳಗ್ಗೆ 9ರಿಂದ ಸಂಜೆ 4.30 ಅಂತ ವೇಳೆ ಇಟ್ಟರು. ನಗರದ ಬಡವರಿಗೆ ಮನೆ ಹತ್ತಿರ ಡಾಕ್ಟರು, ಔಷಧಿ, ಪರೀಕ್ಷೆ, ಎಲ್ಲ ಉಚಿತ. ಒಳ್ಳೇ ಯೋಜನೆ. ಗಾರೆ ಕೆಲಸದವನು, ಮನೆಕೆಲಸದವಳು, ಗಾರ್ಮೆಂಟ್ಸಿನವಳು ಮನೆಯಲ್ಲಿ ಇರುವ ಹೊತ್ತು ಮಾತ್ರ ಆ ವೇಳೆಯಲ್ಲಿ ಇಲ್ಲ. ಉಚಿತ ಡಾಕ್ಟರನ್ನು ನೋಡಲು ಅರ್ಧ ದಿನದ ಕೂಲಿ ಕೊಡಬೇಕು. ಒಂದು ಬೀದಿಯಲ್ಲಿ ಯಾರು ಎಷ್ಟಕ್ಕೆ ಮನೆ ಬಿಡುತ್ತಾರೆ, ಎಷ್ಟಕ್ಕೆ ಬರುತ್ತಾರೆ ಅಂತ ಒಂದು ಹಾಳೆ ಬರೆದರೆ ವಾರದಲ್ಲಿ ಎರಡು ದಿನ ಸಂಜೆ ಕ್ಲಿನಿಕ್ ತೆರೆಯಿರಿ ಅಂತ ಕೇಳಬಹುದು. ಬರೀ ಬಾಯಲ್ಲಿ ಕೇಳಿದರೆ "ಜನ ಬರೋದೇ ಇಲ್ಲ" ಅಂತ ಉತ್ತರ ಬರುತ್ತದೆ.

ಬಾಡಿಗೆ ಮನೆ. ಇದು ಹೇಳಲು ಸ್ವಲ್ಪ ಮುಜುಗರದ ವಿಷಯ, ಯಾಕೆಂದರೆ ಇಲ್ಲಿ ಕೂತವರಲ್ಲಿ ಮನೆ ಬಾಡಿಗೆಗೆ ಕೊಡುವವರೂ ಇದ್ದೀರಿ. "ನೀವು ಯಾವ ಪೈಕಿ?" ಅಂತ ಎಷ್ಟು ನಯವಾಗಿ ಕೇಳುತ್ತೇವೆ ಅಲ್ವಾ? ನಾನ್‌ವೆಜ್ ಮಾಡ್ತೀರಾ ಅಂತ ಕೇಳುವುದೂ ಹಲವು ಸಲ ಅದೇ ಪ್ರಶ್ನೆ. ಹೆಸರು ಹೇಳಿದ ಮೇಲೆ "ಓ, ನಿನ್ನೆಯೇ ಯಾರೋ ಅಡ್ವಾನ್ಸ್ ಕೊಟ್ಟು ಹೋದ್ರು" ಅನ್ನುವುದು ಇನ್ನೊಂದು ಬಗೆ. ಕೇಳಿಸಿಕೊಂಡವರಿಗೆ ಗೊತ್ತಾಗುತ್ತದೆ, ಸಾಬೀತು ಮಾಡಲು ಆಗುವುದಿಲ್ಲ. ಒಬ್ಬೊಬ್ಬರದೂ ಒಂದೊಂದು ಅನುಭವ ಆಗಿ ಉಳಿಯುತ್ತದೆ.

ಇದನ್ನು ಅಳೆಯಲು ಒಂದು ವಿಧಾನ ಇದೆ. ಇಬ್ಬರನ್ನು ಆರಿಸಿಕೊಳ್ಳುತ್ತಾರೆ. ಒಂದೇ ಕೆಲಸ, ಒಂದೇ ಸಂಬಳ, ಒಂದೇ ಥರದ ಸಂಸಾರ. ಹೆಸರು ಮಾತ್ರ ಬೇರೆ. ಒಂದೇ ಜಾಹೀರಾತಿಗೆ ಇಬ್ಬರೂ ಫೋನ್ ಮಾಡುತ್ತಾರೆ. ಯಾರಿಗೆ ಏನು ಉತ್ತರ ಬಂತು ಅಂತ ಬರೆದಿಡುತ್ತಾರೆ. ದೆಹಲಿ ಸುತ್ತಮುತ್ತ ಅರ್ಥಶಾಸ್ತ್ರಜ್ಞ ಸುಖದೇವ್ ಥೋರಟ್ ಮತ್ತು ಜೊತೆಗಾರರು ಬಾಡಿಗೆ ಮನೆಗಳ ಬಗ್ಗೆ ಹೀಗೇ ಅಧ್ಯಯನ ಮಾಡಿ 2015ರಲ್ಲಿ ಪ್ರಕಟಿಸಿದರು. ದಲಿತರಿಗೆ, ಮುಸ್ಲಿಮರಿಗೆ ಬಾಗಿಲು ಹೇಗೆ ಮುಚ್ಚುತ್ತದೆ ಅಂತ ಅದರಲ್ಲಿ ಕಾಣುತ್ತದೆ. ನಮ್ಮ ಊರಿನಲ್ಲೂ ವಿದ್ಯಾರ್ಥಿಗಳು ಮಾಡಬಹುದಾದ ಕೆಲಸ. ಒಂದು ಷರತ್ತು. ಯಾವ ಮಾಲೀಕರ ಹೆಸರನ್ನೂ, ನಂಬರನ್ನೂ ವರದಿಯಲ್ಲಿ ಹಾಕಬಾರದು. ಒಬ್ಬರನ್ನು ಹಿಡಿದು ಬೈಯುವುದರಿಂದ ಪ್ರಯೋಜನವಿಲ್ಲ. ಯಾವ ಬಡಾವಣೆ ಯಾರಿಗೆ ಮುಚ್ಚಿದೆ ಅಂತ ಗೊತ್ತಾದರೆ, ತಗ್ಗಿನ ಬೀದಿಗಳಲ್ಲಿ ಇಷ್ಟು ಜನ ಯಾಕೆ ತುಂಬಿಕೊಂಡಿದ್ದಾರೆ ಅನ್ನುವುದಕ್ಕೂ ಅರ್ಧ ಉತ್ತರ ಸಿಗುತ್ತದೆ. ನೆರೆಯ ನಕ್ಷೆಯನ್ನೂ ಬಾಡಿಗೆಯ ನಕ್ಷೆಯನ್ನೂ ಒಂದರ ಮೇಲೊಂದು ಇಟ್ಟು ನೋಡಬೇಕು ಅಂತ ನನಗೆ ಬಹಳ ಆಸೆ ಇದೆ.

ಬೀದಿ ವ್ಯಾಪಾರದವರ ವಿಷಯದಲ್ಲಿ ಕಾನೂನೇ ಸಮೀಕ್ಷೆಗೆ ದೊಡ್ಡ ಸ್ಥಾನ ಕೊಟ್ಟಿದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಐದು ವರ್ಷಕ್ಕೆ ಒಮ್ಮೆಯಾದರೂ ಸಮೀಕ್ಷೆ ಆಗಬೇಕು. ಅದು ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ 40 ಪ್ರತಿಶತ ಜನ ವ್ಯಾಪಾರಿಗಳೇ ಇರಬೇಕು. ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಕಾಗದದಲ್ಲಿ ಇಷ್ಟು ಚೆನ್ನಾಗಿದೆ. ಈಗ ಸಮೀಕ್ಷೆ ಮಾಡುವವರು ಹಗಲು ಹನ್ನೊಂದು ಗಂಟೆಗೆ ಬಂದರು ಅಂದುಕೊಳ್ಳಿ. ಬೆಳಗಿನ ಜಾವ ಹೂವು, ಸೊಪ್ಪು ಮಾರಿ ಒಂಬತ್ತಕ್ಕೆಲ್ಲ ಮನೆಗೆ ಹೋದವರು ಸಿಗುವುದಿಲ್ಲ. ಸಂಜೆ ಜೋಳ ಸುಡುವವರು, ಮಂಡಕ್ಕಿ ಗಾಡಿಯವರು ಇನ್ನೂ ಬಂದಿರುವುದಿಲ್ಲ. ಬುಟ್ಟಿ ಹೊತ್ತು ತಿರುಗುವವಳು ಆ ಕ್ಷಣಕ್ಕೆ ಬೇರೆ ರಸ್ತೆಯಲ್ಲಿ ಇರುತ್ತಾಳೆ. ಪಟ್ಟಿಯಲ್ಲಿ ಹೆಸರಿಲ್ಲ ಅಂದರೆ ಗುರುತಿನ ಚೀಟಿ ಇಲ್ಲ. ಚೀಟಿ ಇಲ್ಲ ಅಂದರೆ 2020ರಲ್ಲಿ ಬಂದ ಸ್ವನಿಧಿಯಂಥ ಸಾಲಕ್ಕೂ ಪರದಾಟ. ಗಾಂಧಿ ಬಜಾರಿನಲ್ಲೋ ನೆಹರೂ ರಸ್ತೆಯಲ್ಲೋ ಬೆಳಗ್ಗೆ ಐದೂವರೆಯಿಂದ ರಾತ್ರಿ ಹತ್ತರವರೆಗೆ, ಗಂಟೆಗೊಮ್ಮೆ ನಡೆದು ಯಾರು ಎಲ್ಲಿ ಕೂತಿದ್ದಾರೆ ಅಂತ ಗುರುತು ಹಾಕಿ ನೋಡಿ. ಒಂದೇ ರಸ್ತೆಯಲ್ಲಿ ಮೂರು ಬೇರೆ ಬೇರೆ ಮಾರುಕಟ್ಟೆ ಇರುವುದು ಗೊತ್ತಾಗುತ್ತದೆ. ಹೆಂಗಸರು ಹೆಚ್ಚಾಗಿ ಯಾವ ಹೊತ್ತಿನ ಮಾರುಕಟ್ಟೆಯಲ್ಲಿ ಇದ್ದಾರೆ ಅನ್ನುವುದೂ ಕಾಣುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಸಂಶೋಧನೆಯಿಂದ ಆಗುವ ಅನ್ಯಾಯವನ್ನೂ ಹೇಳಬೇಕು. ಸಾಗರ ತಾಲೂಕಿನ ಹಂದಿಗೋಡು ಕಾಯಿಲೆ ನಿಮಗೆಲ್ಲ ಗೊತ್ತು. 1970ರ ದಶಕದಲ್ಲಿ ಬೆಳಕಿಗೆ ಬಂತು. ಕೀಲು, ಮೂಳೆ ಹಿಡಿಯುವ ಕಾಯಿಲೆ, ಹೆಚ್ಚಾಗಿ ದಲಿತ ಕುಟುಂಬಗಳಲ್ಲಿ. ದೂರದೂರದ ಸಂಸ್ಥೆಗಳಿಂದ ಸಂಶೋಧಕರು ಬಂದರು. ರಕ್ತ ತೆಗೆದುಕೊಂಡರು, ಎಕ್ಸ್‌ರೇ ತೆಗೆದರು, ಪ್ರಬಂಧ ಬರೆದರು. ವಿಜ್ಞಾನಕ್ಕೆ ಅದು ಬೇಕಿತ್ತು, ನಾನು ಹಗುರವಾಗಿ ಹೇಳುತ್ತಿಲ್ಲ. ಆದರೆ ರಕ್ತ ಕೊಟ್ಟ ಮನೆಗೆ ಉತ್ತರ ವಾಪಸ್ ಹೋಯಿತಾ ಅನ್ನುವುದು ಬೇರೆ ಪ್ರಶ್ನೆ. ಆ ಪ್ರಶ್ನೆ ನಮ್ಮ ಬೀದಿ ಸಮೀಕ್ಷೆಗೂ ಅಷ್ಟೇ ಅನ್ವಯಿಸುತ್ತದೆ. ಅಂಕ ಸಿಗಲಿ ಅಂತ ಮಾಡುವ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಪ್ರಾಜೆಕ್ಟುಗಳು ಸ್ಪೈರಲ್ ಬೈಂಡಿಂಗ್ ಆಗಿ ಕಾಲೇಜಿನ ಬೀರು ಸೇರುತ್ತವೆ. ಬೀದಿಗೆ ಒಂದು ಪುಟವೂ ಹೋಗುವುದಿಲ್ಲ.

ಇನ್ನೂ ಕೆಟ್ಟದ್ದು ಆಗಬಹುದು. ಹಕ್ಕುಪತ್ರ ಇಲ್ಲದವರ ಪಟ್ಟಿ ನಾವು ಮಾಡಿದರೆ, ಅದೇ ಪಟ್ಟಿ ನಾಳೆ ಯಾರನ್ನು ಎಬ್ಬಿಸಬೇಕು ಅನ್ನುವ ಪಟ್ಟಿ ಆಗಬಹುದು. ಮುಂಬೈಯಲ್ಲಿ 1985ರಲ್ಲಿ ಫುಟ್‌ಪಾತ್ ವಾಸಿಗಳನ್ನು ಎಬ್ಬಿಸುವ ಮಾತು ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಆಗ ಸ್ಪಾರ್ಕ್ ಎಂಬ ಸ್ವಯಂಸೇವಾ ಸಂಸ್ಥೆ ಮತ್ತು ಅಲ್ಲಿನ ನಿವಾಸಿಗಳು ಸೇರಿ ತಮ್ಮ ಗಣತಿ ತಾವೇ ಮಾಡಿದರು. ಎಲ್ಲಿಂದ ಬಂದೆವು, ಏನು ಕೆಲಸ, ಎಷ್ಟು ವರ್ಷದಿಂದ ಇಲ್ಲಿದ್ದೇವೆ. ಅದು ಅವರ ಕೈಯ ಪಟ್ಟಿ. ಅದನ್ನು ಯಾರಿಗೆ ತೋರಿಸಬೇಕು, ಯಾವಾಗ ತೋರಿಸಬೇಕು ಅನ್ನುವುದೂ ಅವರ ಕೈಯಲ್ಲೇ ಇತ್ತು. ಮುಂದಿನ ವರ್ಷ ಆ ಫುಟ್‌ಪಾತ್‌ಗಳ ಹೆಂಗಸರು ಮಹಿಳಾ ಮಿಲನ್ ಅಂತ ಸಂಘಟನೆಯನ್ನೇ ಕಟ್ಟಿದರು. ಎಣಿಸಿದ ಪುಸ್ತಕ ಎಲ್ಲಿರಬೇಕು ಅನ್ನುವುದು ಎಣಿಸುವುದಕ್ಕಿಂತ ಮೊದಲು ತೀರ್ಮಾನ ಆಗಬೇಕು.

ಸರಿ, ಬರೆದಾಯಿತು. ಯಾರ ಮೇಜಿಗೆ ಒಯ್ಯುವುದು? ಇಲ್ಲಿ ನಮ್ಮೂರಿಗೆ ಒಂದು ಅನುಕೂಲ ಇದೆ, ಬಹಳ ಜನರಿಗೆ ಗೊತ್ತಿಲ್ಲ. ಸಂವಿಧಾನದ 74ನೇ ತಿದ್ದುಪಡಿಯಲ್ಲಿ ಬಂದ 243ಎಸ್ ವಿಧಿ ಪ್ರಕಾರ ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಊರಿನಲ್ಲಿ ವಾರ್ಡ್ ಸಮಿತಿಗಳು ಇರಲೇಬೇಕು. ನಮ್ಮದು 3.22 ಲಕ್ಷ. ಗೆರೆ ದಾಟಿದ್ದೇವೆ. ವಾರ್ಡ್ ಸಮಿತಿ ಸಭೆಯಲ್ಲಿ "ನಮ್ಮ ಕೇರಿಗೆ ಏನೂ ಮಾಡಿಲ್ಲ" ಅಂದರೆ ಅದು ಭಾಷಣ. "ಇಷ್ಟು ಮನೆಗೆ ಇಳಿಯುವ ಮೆಟ್ಟಿಲು, ನಕ್ಷೆ ಇಲ್ಲಿದೆ" ಅಂದರೆ ಅದು ನಡಾವಳಿಯಲ್ಲಿ ಬರೆಯಲೇಬೇಕಾದ ವಿಷಯ. 2018ರಲ್ಲಿ ಆಯ್ಕೆಯಾದ ಪಾಲಿಕೆ ಸದಸ್ಯರ ಅವಧಿ 2023ರಲ್ಲಿ ಮುಗಿದು ಆಡಳಿತ ಅಧಿಕಾರಿಗಳ ಕೈಗೆ ಹೋಯಿತು. ಕಾರ್ಪೊರೇಟರ್ ಇಲ್ಲದ ಕಾಲದಲ್ಲಿ ಬಾಗಿಲಿಗೆ ಹೋಗಿ ಜಗಳ ಆಡಲು ಮನುಷ್ಯನೇ ಇರುವುದಿಲ್ಲ. ಆಗ ಕಾಗದಕ್ಕೆ ಇನ್ನೂ ಜಾಸ್ತಿ ಬೆಲೆ.

ಮಾಹಿತಿ ಹಕ್ಕನ್ನೂ ಮರೆಯಬೇಡಿ. 2005ರ ಕಾಯ್ದೆ, ಹತ್ತು ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ. ಬೀದಿಯಲ್ಲಿ ನಾವು ಅಳೆದದ್ದು ಒಂದು ಕಡೆ. ಅದೇ ಬೀದಿಯ ಚರಂಡಿಗೆ ಎಷ್ಟು ಖರ್ಚಾಗಿದೆ, ಎಷ್ಟು ಉದ್ದ ಅಂತ ಅಳತೆ ಪುಸ್ತಕದಲ್ಲಿ ಬರೆದಿದ್ದಾರೆ ಅನ್ನುವುದು ಇನ್ನೊಂದು ಕಡೆ. ಎರಡನ್ನೂ ಎದುರುಬದುರು ಇಟ್ಟು ನೋಡುವ ಸುಖವೇ ಬೇರೆ. ಎಂಜಿನಿಯರುಗಳಿಗೆ ಅಷ್ಟು ಸುಖ ಆಗುವುದಿಲ್ಲ, ಆ ಮಾತು ಬೇರೆ.

ಇನ್ನು ಪ್ರಶ್ನೆಗಳು.

ವಿದ್ಯಾರ್ಥಿನಿಯೊಬ್ಬಳು ಕೇಳಿದಳು: "ಮೇಡಂ, ಎಷ್ಟು ಮನೆ ಕೇಳಿದರೆ ಸಾಕು? ಸ್ಯಾಂಪಲ್ ಚಿಕ್ಕದು ಅಂತ ಗೈಡ್ ತಿರಸ್ಕರಿಸಿದರೆ?"

ಒಂದು ಬೀದಿ ತೆಗೆದುಕೊಂಡರೆ ಸ್ಯಾಂಪಲ್ ಮಾತೇ ಇಲ್ಲ. ಎಲ್ಲ ಒಲೆಯನ್ನೂ ಕೇಳಬೇಕು. ಬೀಗ ಹಾಕಿದ ಮನೆ ಅಂತ ಬರೆದು ಮುಂದೆ ಹೋಗಬೇಡ. ಹಗಲು ಬೀಗ ಇರುವ ಮನೆಯೇ ನಿನಗೆ ಬೇಕಾದ ಮನೆ. ಅವರು ಕೂಲಿಗೆ ಹೋಗಿದ್ದಾರೆ. ರಾತ್ರಿ ಎಂಟಕ್ಕೆ ಹೋಗು, ಜೊತೆಗೆ ಆ ಬೀದಿಯವರನ್ನೇ ಯಾರನ್ನಾದರೂ ಕರೆದುಕೊಂಡು ಹೋಗು. ನಿನ್ನ ಬೀದಿಯ ಲೆಕ್ಕದಿಂದ ಇಡೀ ಶಿವಮೊಗ್ಗ ಹೀಗಿದೆ ಅಂತ ಬರೆಯಬೇಡ ಅಷ್ಟೇ. ಈ ಬೀದಿ ಹೀಗಿದೆ ಅಂತ ಬರೆದರೆ ಯಾವ ಗೈಡೂ ಏನೂ ಅನ್ನುವಂತಿಲ್ಲ.

ಹಿಂದಿನ ಸಾಲಿನಿಂದ ಒಬ್ಬ ಹಿರಿಯರು: "ಬರ್ಕೊಂಡು ಹೋಗೋರು ಬಹಳ ಜನ ಬಂದಾರೆ ಅಮ್ಮ. ನಮಗೆ ಎಂತ ಸಿಕ್ತು?"

ಏನೂ ಸಿಗದೇ ಇರಬಹುದು ಅಪ್ಪಾಜಿ. ರಸ್ತೆ ಮಾಡಿಸಿಕೊಡುತ್ತೇವೆ ಅಂತ ಸಮೀಕ್ಷೆಗೆ ಹೋದ ಹುಡುಗರು ಹೇಳಿದರೆ ನಂಬಬೇಡಿ. ಅವರು ಕೊಡಬಹುದಾದ ಮಾತು ಒಂದೇ. ಬರೆದದ್ದನ್ನು ಕಾಲೇಜಿಗೆ ಕೊಡುವ ಮೊದಲು ನಿಮ್ಮ ಬೀದಿಯಲ್ಲಿ ಗಟ್ಟಿಯಾಗಿ ಓದುತ್ತಾರೆ. ತಪ್ಪಿದ್ದರೆ ನೀವು ತಿದ್ದುತ್ತೀರಿ. ಬೇಡ ಅನ್ನಿಸಿದ್ದನ್ನು ಹೊಡೆದು ಹಾಕಿಸುತ್ತೀರಿ. ಒಂದು ಪ್ರತಿ ನಿಮ್ಮ ಸಂಘದ ಟ್ರಂಕಿನಲ್ಲಿ ಇರುತ್ತದೆ. ಅಷ್ಟೂ ಮಾಡದವರಿಗೆ ಚಹಾ ಕೊಡಿ, ಉತ್ತರ ಕೊಡಬೇಡಿ.

ಇನ್ನೊಬ್ಬ ಹುಡುಗ: "ಜಾತಿ ಕೇಳಲೇಬೇಕಾ? ಕೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ."

ಯಾಕೆ ಕೇಳುತ್ತೀಯ ಅಂತ ನಿನಗೇ ಗೊತ್ತಿಲ್ಲದಿದ್ದರೆ ಕೇಳಬೇಡ. ಮೆಟ್ಟಿಲು ಎಣಿಸಲು ಜಾತಿ ಬೇಡ. ಆದರೆ ತಗ್ಗಿನ ಸಾಲಿನಲ್ಲಿ ಯಾರಿದ್ದಾರೆ, ಎತ್ತರದ ಸಾಲಿನಲ್ಲಿ ಯಾರಿದ್ದಾರೆ ಅಂತ ನೋಡಬೇಕಾದರೆ ಕೇಳದೆ ವಿಧಿಯಿಲ್ಲ. ಊರು ಸ್ವಚ್ಛ ಮಾಡುವ ಪೌರಕಾರ್ಮಿಕರು ಇರುವ ಬೀದಿಯಲ್ಲಿ ಯಾರಿದ್ದಾರೆ ಅಂತ ಎಲ್ಲರಿಗೂ ಗೊತ್ತು, ಬರೆಯುವಾಗ ಮಾತ್ರ ನಮಗೆ ಸಂಕೋಚ. ಕೊನೆಯ ಪ್ರಶ್ನೆಯಾಗಿ ಇಟ್ಟುಕೋ. ಯಾಕೆ ಅಂತ ಹೇಳಿ ಕೇಳು. ಹೇಳುವುದಿಲ್ಲ ಅಂದರೆ ಒತ್ತಾಯ ಮಾಡಬೇಡ, ಮುಖ ನೋಡಿ ಊಹೆ ಮಾಡಿಯೂ ಬರೆಯಬೇಡ. ಖಾಲಿ ಬಿಡು.

ಮಳೆಗಾಲಕ್ಕೆ ಮೊದಲು ಒಂದೆರಡು ಬೀದಿಯ ಮೆಟ್ಟಿಲು ಲೆಕ್ಕ ಮುಗಿಸಬೇಕು ಅಂತ ಇದೆ. ಬರುವವರು ಹೊರಡುವ ಮುಂಚೆ ಹೆಸರು ಕೊಟ್ಟು ಹೋಗಿ. ಐದು ಮೀಟರಿನ ಟೇಪು ಇದ್ದರೆ ತನ್ನಿ. ಇಂಕ್ ಪೆನ್ನು ಬೇಡ, ನಾಲ್ಕು ಹನಿ ಬಿದ್ದರೂ ಹಾಳೆ ಪೂರ್ತಿ ನೀಲಿ ಆಗುತ್ತದೆ. ಪೆನ್ಸಿಲ್ ತನ್ನಿ.